ತೂರಾಡದವರ ಲೆಕ್ಕ

ಪಾರ್ಕಿನ ಕಾಂಪೌಂಡಿನ ಬುಡದಲ್ಲಿ, ಬಸ್ ನಿಲ್ದಾಣದ ಹಿಂದೆ, ಕೆರೆ ಏರಿಯ ಮೇಲೆ ಈಗ ಎಲ್ಲಿ ನೋಡಿದರೂ ಪುಟ್ಟ ರಟ್ಟಿನ ಡಬ್ಬಿಗಳು. ಮಕ್ಕಳು ಕುಡಿಯುವ ಮಾವಿನ ರಸದ ಡಬ್ಬಿಯಂತೆಯೇ ಇರುತ್ತವೆ. ಎತ್ತಿ ಓದಿದರೆ 90 ಮಿಲಿ ವಿಸ್ಕಿ. ಕೆಲವದರ ಮೂಲೆಯಲ್ಲಿ ಹಲ್ಲಿನಿಂದ ಕಚ್ಚಿ ಹರಿದ ಗುರುತಿರುತ್ತದೆ. ಅದನ್ನು ಕಂಡಾಗೆಲ್ಲ ಸಾರಾಯಿ ಪ್ಯಾಕೆಟ್ಟಿನ ಕಾಲ ಎದ್ದು ಬರುತ್ತದೆ. ಆಗಲೂ ಹೀಗೇ, ಪ್ಲಾಸ್ಟಿಕ್ ಪ್ಯಾಕೆಟ್ಟಿನ ಮೂಲೆ ಕಚ್ಚಿ, ತುಂಡನ್ನು ಪಕ್ಕಕ್ಕೆ ಉಗಿದು, ನಿಂತ ನಿಲುವಿನಲ್ಲೇ ಬಾಯಿಗೆ ಸುರಿದುಕೊಂಡು, ಮೇಲಿಂದ ಒಂದು ಚಿಟಿಕೆ ಉಪ್ಪಿನಕಾಯಿ ನೆಕ್ಕಿ ಹೊರಡುತ್ತಿದ್ದರು. ಹಳೇ ಮೈಸೂರು ಸೀಮೆಯ ಸಣ್ಣ ಊರುಗಳಲ್ಲಿ ತೊಂಬತ್ತರ ದಶಕ ಕಂಡವರಿಗೆ ಊರಾಚೆಯ ಆ ಅಂಗಡಿ, ಬೇಯಿಸಿದ ಮೊಟ್ಟೆಯ ಪಾತ್ರೆ, ಬೋಟಿ ಗೊಜ್ಜಿನ ವಾಸನೆ, ಮುಸ್ಸಂಜೆಯಲ್ಲಿ ಸೆರಗು ಹೊದ್ದು ಮರದ ಮರೆಯಲ್ಲಿ ನಿಂತು ಗಂಡನ ಕೂಲಿ ದುಡ್ಡು ಕರಗುವ ಮುಂಚೆ ಅವನನ್ನು ಹಿಡಿಯಲು ಕಾಯುತ್ತಿದ್ದ ಹೆಂಗಸರು, ಇವೆಲ್ಲ ಒಟ್ಟಿಗೇ ನೆನಪಾಗುತ್ತವೆ. ಅಲ್ಲಿಂದ ನಾಲ್ಕು ಬೀದಿ ಈಚೆಗೆ ಬಂದರೆ ಹೆಂಚಿನ ಮನೆಗಳ ಸಾಲು. ಗುಮಾಸ್ತರು, ಮೇಷ್ಟ್ರು, ಗುತ್ತಿಗೆದಾರರು, ಒಂದಿಬ್ಬರು ಎಂಜಿನಿಯರುಗಳು. ಅಲ್ಲೂ ಸಂಜೆಯಾದ ಮೇಲೆ ಒಳಕೋಣೆಯ ಬೀರು ತೆರೆಯುತ್ತಿತ್ತು, ಅಡುಗೆಮನೆಯಿಂದ ಹುರಿದ ಕಡ್ಲೆಬೀಜ ಹೋಗುತ್ತಿತ್ತು. ಆದರೆ ಆ ಬೀದಿಯಲ್ಲಿ ಯಾರೂ ಕುಡುಕರಿರಲಿಲ್ಲ.

ನಮ್ಮ ಮಾತಿನಲ್ಲೇ ಆ ಭೇದ ಕೂತಿತ್ತು. ಕೂಲಿಯವನು ‘ಕುಡೀತಾನೆ’. ಎಂಜಿನಿಯರು ‘ಸ್ವಲ್ಪ ತಗೋತಾರೆ’. ಒಂದು ಏಕವಚನ, ಇನ್ನೊಂದು ಬಹುವಚನ. ಒಂದು ಚಟ, ಇನ್ನೊಂದು ಅಭ್ಯಾಸ. ಕುಡಿತವನ್ನು ಅಳೆಯಲು ನಮಗಿದ್ದ ಅಳತೆಗೋಲು ಕುಡಿದವನ ಕಾಲು. ತೂರಾಡಿದರೆ, ಚರಂಡಿಗೆ ಬಿದ್ದರೆ, ಬೀದಿಯಲ್ಲಿ ಕೂಗಾಡಿದರೆ, ಹೆಂಡತಿಗೆ ಹೊಡೆದದ್ದು ನೆರೆಮನೆಗೆ ಕೇಳಿಸಿದರೆ ಕುಡುಕ. ಇಷ್ಟರಲ್ಲಿ ಯಾವುದೂ ಇಲ್ಲದೆ ನೆಟ್ಟಗೆ ನಡೆದು ಬಂದು, ಉಂಡು, ಮಲಗಿ, ಬೆಳಿಗ್ಗೆ ಒಂಬತ್ತೂವರೆಗೆ ಇಸ್ತ್ರಿ ಅಂಗಿ ತೊಟ್ಟು ಆಫೀಸಿಗೆ ಹೋದರೆ ಸಂಭಾವಿತ. ಎಷ್ಟು ಕುಡಿದರು ಎಂದು ಯಾರೂ ಕೇಳುತ್ತಿರಲಿಲ್ಲ. ಆ ಕಾಲವನ್ನು ನೆನೆಯುವಾಗ ನನಗೀಗ ಅತ್ಯಂತ ದೊಡ್ಡ ತಪ್ಪಾಗಿ ಕಾಣುವುದು ಇದೇ. ನಾವು ನಡತೆಯನ್ನು ಅಳೆದೆವು, ಪ್ರಮಾಣವನ್ನು ಅಳೆಯಲಿಲ್ಲ. ಪಿತ್ತಜನಕಾಂಗಕ್ಕೆ ನಡತೆ ಗೊತ್ತಿಲ್ಲ, ಪ್ರಮಾಣವಷ್ಟೇ ಗೊತ್ತು. ಆ ಪ್ರಮಾಣವನ್ನು ದಿನಾ ಕಣ್ಣಾರೆ ಕಂಡಿದ್ದ ಒಬ್ಬಳೇ ಒಬ್ಬಳು ಮನೆಯಲ್ಲಿದ್ದಳು. ಅವಳನ್ನು ಮಾತ್ರ ಯಾರೂ ಕೇಳಲಿಲ್ಲ. ಆಗ ನಾನೂ ಆ ಕಾಲಿನ ಅಳತೆಯನ್ನೇ ನಂಬಿದ್ದವನು.

ಲೆಕ್ಕ ಕಷ್ಟದ್ದೇನಲ್ಲ. ಬಾಟಲಿಯ ಮೇಲೆ ಶೇಕಡಾ 42.8 ಎಂದು ಅಚ್ಚಾಗಿರುತ್ತದೆ. ನಮ್ಮಲ್ಲಿ ಮಾರುವ ವಿಸ್ಕಿ, ರಮ್ಮು, ಬ್ರಾಂದಿಗಳ ಮಾಮೂಲಿ ತೀಕ್ಷ್ಣತೆ ಅದು. ಒಂದು ಕ್ವಾರ್ಟರ್ ಎಂದರೆ 180 ಮಿಲಿ. ಅದರಲ್ಲಿ ಶುದ್ಧ ಆಲ್ಕೋಹಾಲು 77 ಮಿಲಿ, ತೂಕದಲ್ಲಿ ಸುಮಾರು 60 ಗ್ರಾಂ. ಅರ್ಧಕ್ಕೆ ಅರ್ಧ, ನೈಂಟಿಯಲ್ಲಿ 30 ಗ್ರಾಂ. ಉತ್ತರ ಇಟಲಿಯ ಎರಡು ಊರುಗಳಲ್ಲಿ ಆರು ಸಾವಿರಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿದ ಡಯೋನಿಸಸ್ ಎಂಬ ಹೆಸರಿನ ಅಧ್ಯಯನ ತೊಂಬತ್ತರ ದಶಕದಲ್ಲೇ ಹೇಳಿದ್ದು, ಲಿವರಿಗೆ ಅಪಾಯ ಏರತೊಡಗುವ ಗಡಿ ದಿನಕ್ಕೆ 30 ಗ್ರಾಂ ಎಂದು. ಅಂದರೆ ದಿನಕ್ಕೆ ಒಂದೇ ಒಂದು ನೈಂಟಿ. ನಮ್ಮ ಹೆಂಚಿನ ಮನೆಗಳ ಬೀದಿಯಲ್ಲಿ ‘ಸ್ವಲ್ಪ’ ಎಂದರೆ ಕ್ವಾರ್ಟರ್ ಇತ್ತು, ಗಡಿಯ ಎರಡು ಪಟ್ಟು. ಭಾನುವಾರ ಅದಕ್ಕಿಂತ ಜಾಸ್ತಿ. ಊರಾಚೆ ಕೂಲಿಯವನು ಕಚ್ಚಿ ಹರಿಯುತ್ತಿದ್ದ ನೂರು ಮಿಲಿ ಸಾರಾಯಿಯ ತೀಕ್ಷ್ಣತೆ ಸುಮಾರು 33. ಗುಣಿಸಿ ನೋಡಿದರೆ 26 ಗ್ರಾಂ. ಒಂದು ಪ್ಯಾಕೆಟ್ಟಿಗೇ ಸಾಕು ಮಾಡಿದವನೊಬ್ಬ ಬರಿಹೊಟ್ಟೆಯಲ್ಲಿ, ದಿನವಿಡೀ ಮಣ್ಣು ಹೊತ್ತ ಮೈಯಲ್ಲಿ ಕುಡಿದು ತೂರಾಡಿ ಊರಿಗೆಲ್ಲ ಕುಡುಕನೆನಿಸಿಕೊಂಡ. ಅವನ ಎರಡು ಪಟ್ಟಿಗಿಂತ ಜಾಸ್ತಿ ಕುಡಿದವರು ಕಡ್ಲೆಬೀಜ, ಕೋಳಿ ಸಾರಿನ ಜೊತೆ ನಿಧಾನವಾಗಿ ಮುಗಿಸಿ ಸಂಭಾವಿತರಾಗಿಯೇ ಉಳಿದರು. ಕುಡಿದರೂ ಏರದಿರುವುದನ್ನು ನಾವು ಗಟ್ಟಿತನವೆಂದು ಹೊಗಳುತ್ತಿದ್ದೆವು. ವೈದ್ಯರ ಕಣ್ಣಿಗೆ ಅದೇ ಅಪಾಯದ ಮೊದಲ ಗುರುತು: ಮಿದುಳು ಅಷ್ಟು ಮದ್ಯಕ್ಕೆ ಒಗ್ಗಿಹೋಗಿದೆ ಎಂದರ್ಥ.

ಹಾಗಾದರೆ ಆ ಮನೆಗಳಲ್ಲಿ ಕಾಯಿಲೆ ಇರಲಿಲ್ಲವೆ? ಇತ್ತು, ಬೇರೆ ಬೇರೆ ಹೆಸರಿನಲ್ಲಿತ್ತು. ಬೆಳಿಗ್ಗೆ ಹಲ್ಲುಜ್ಜುವಾಗ ಬಚ್ಚಲಿನಿಂದ ಕೇಳಿಸುತ್ತಿದ್ದ ಒಣ ವಾಕರಿಕೆಗೆ ‘ಪಿತ್ತ’ ಎಂದು ಹೆಸರು. ನಿಂಬೆಹಣ್ಣಿನ ಪಾನಕ, ಜೀರಿಗೆ ಕಷಾಯ ಸಿದ್ಧವಾಗುತ್ತಿತ್ತು. ಕಾಫಿ ಲೋಟ ಹಿಡಿದ ಕೈ ನಡುಗಿದರೆ ‘ನರದ ದೌರ್ಬಲ್ಯ’. ಪಾದ ಜೋಮು ಹಿಡಿದರೆ ‘ವಾಯು’. ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ಬೆವರಿ ಕೂತರೆ ‘ಟೆನ್ಷನ್’. ಅಂಗೈ ಕೆಂಪಾದರೆ ‘ಉಷ್ಣ’. ಇವುಗಳಲ್ಲಿ ಪ್ರತಿಯೊಂದಕ್ಕೂ ಬೇರೆ ಕಾರಣ ಇರಬಹುದು, ನಿಜ. ಎಲ್ಲವೂ ಒಬ್ಬರ ಮೈಯಲ್ಲೇ ಸೇರಿಕೊಂಡಾಗ ವೈದ್ಯಪುಸ್ತಕ ಬೊಟ್ಟು ಮಾಡುವುದು ಮದ್ಯದ ಕಡೆಗೆ. ಇವನ್ನೆಲ್ಲ ಮೊದಲು ಕಂಡವಳು ಹೆಂಡತಿ. ಬಚ್ಚಲಿನ ಸದ್ದು ಅವಳಿಗೆ ಕೇಳಿಸುತ್ತಿತ್ತು, ಒದ್ದೆಯಾದ ದಿಂಬಿನ ಗವುಸು ಒಗೆಯುವವಳು ಅವಳೇ. ಅವಳ ಹತ್ತಿರ ಇಡೀ ರೋಗಚರಿತ್ರೆಯೇ ಇತ್ತು. ಅದನ್ನು ಒಪ್ಪಿಸುವ ಜಾಗವಿರಲಿಲ್ಲ. ಕಡೆಗೆ ಕಣ್ಣು ಹಳದಿಯಾಗಿ, ಕಾಲು ಊದಿ, ಹೊಟ್ಟೆಯಲ್ಲಿ ನೀರು ತುಂಬಿದ ಮೇಲೆ ಊರಿಗೆ ಗೊತ್ತಾಗುತ್ತಿತ್ತು. ಆಗಲೂ ಹೆಸರು ‘ಕಾಮಾಲೆ’. ನೆಲನೆಲ್ಲಿ ರಸ ಕುಡಿಸಲು ಯಾವುದೋ ಹಳ್ಳಿಗೆ ಕರೆದೊಯ್ಯುತ್ತಿದ್ದರು. ನಲವತ್ತೈದು, ಐವತ್ತಕ್ಕೆ ಹೋದವರನ್ನು ‘ಕಾಮಾಲೆ ಬಂದು ಹೋದರು’ ಎಂದೇ ನೆನೆಯುತ್ತೇವೆ, ಈಗಲೂ.

ಲಿವರ್ ಬಡಪಾಯಿ ಅಂಗ. ಮುಕ್ಕಾಲು ಕೆಡುವತನಕ ಬಾಯಿ ಬಿಡುವುದಿಲ್ಲ. ಹೆಚ್ಚು ಕುಡಿಯುವವರಲ್ಲಿ ನೂರಕ್ಕೆ ತೊಂಬತ್ತು ಜನರಿಗೆ ಮೊದಲು ಅದರಲ್ಲಿ ಕೊಬ್ಬು ಕೂಡುತ್ತದೆ. ಈ ಹಂತದಲ್ಲಿ ನೋವಿಲ್ಲ, ಜ್ವರವಿಲ್ಲ. ಇಲ್ಲಿ ನಿಲ್ಲಿಸಿದರೆ ಕೆಲವೇ ವಾರಗಳಲ್ಲಿ ಕೊಬ್ಬು ಕರಗಿ ಅದು ಸರಿಹೋಗಬಲ್ಲದು. ಮುಂದುವರಿದವರಲ್ಲಿ ಕೆಲವರಿಗೆ ಉರಿಯೂತ, ಮತ್ತೆ ಹತ್ತರಿಂದ ಇಪ್ಪತ್ತು ಜನಕ್ಕೆ ಸಿರೋಸಿಸ್, ಅಂದರೆ ಮೆತ್ತಗಿದ್ದ ಅಂಗ ಗಾಯದ ಕಲೆಗಟ್ಟಿ ಗಂಟುಗಂಟಾಗುವುದು. ‘ಬ್ಲಡ್ ಟೆಸ್ಟ್ ಮಾಡಿಸಿದೆವು, ನಾರ್ಮಲ್ ಇದೆ’ ಎಂಬ ಮಾತು ಇಲ್ಲಿ ಬರುತ್ತದೆ. ರಕ್ತಪರೀಕ್ಷೆ ಅಷ್ಟು ನಂಬಿಗಸ್ತ ಸಾಕ್ಷಿಯಲ್ಲ. ಕೊಬ್ಬು ಕೂಡಿದ ಲಿವರಿನವರಲ್ಲೂ, ಕೆಲವೊಮ್ಮೆ ಸಿರೋಸಿಸ್ ಆದವರಲ್ಲೂ ಎಂಜೈಮುಗಳ ಅಂಕಿ ಸರಿಯಾಗಿಯೇ ಇರಬಹುದು. ಇನ್ನು ಕುಡಿತದ ಹಾನಿ ಲಿವರಿಗೇ ಮುಗಿಯುವುದೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಮದ್ಯವನ್ನು ಕ್ಯಾನ್ಸರುಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಬಾಯಿ, ಗಂಟಲು, ಅನ್ನನಾಳ, ಕರುಳು ಎಲ್ಲ ಅದರ ವ್ಯಾಪ್ತಿಯಲ್ಲಿವೆ. ಅದರ ಮೇಲೆ ಬೀಡಿ, ಸಿಗರೇಟು, ಗುಟ್ಕಾ ಸೇರಿದರೆ ಅಪಾಯ ಕೂಡಿಕೆಯಾಗುವುದಿಲ್ಲ, ಗುಣಾಕಾರವಾಗುತ್ತದೆ. ರಕ್ತದೊತ್ತಡ, ಮೇದೋಜೀರಕದ ಉರಿಯೂತ, ಕ್ಷಯ, ಇವುಗಳ ವಿವರಕ್ಕೆ ಹೋದರೆ ಇನ್ನೊಂದು ಲೇಖನವಾಗುತ್ತದೆ.

ಆಕ್ಷೇಪಗಳು ಇನ್ನೂ ಇವೆ, ಎಲ್ಲವೂ ಹಳೆಯವು. ‘ಬರೀ ಬಿಯರು ತಾನೆ’ ಎನ್ನುವವರು ಬಾಟಲಿಯ ಚೀಟಿ ಓದಲಿ. 650 ಮಿಲಿಯ ಸ್ಟ್ರಾಂಗ್ ಬಿಯರಿನಲ್ಲಿ ಶೇಕಡಾ 8 ಇದ್ದರೆ 41 ಗ್ರಾಂ ಆಲ್ಕೋಹಾಲು, ಒಂದು ನೈಂಟಿಗಿಂತ ಜಾಸ್ತಿ. ‘ನಮ್ಮ ತಾತ ದಿನಾ ಕುಡಿದು ತೊಂಬತ್ತು ವರ್ಷ ಬದುಕಿದ’ ಎಂಬ ಮಾತು ಪ್ರತಿ ಊರಿನಲ್ಲೂ ಇದೆ. ಆ ತಾತ ಇರಬಹುದು. ಅವನ ಓರಗೆಯವರಲ್ಲಿ ಐವತ್ತಕ್ಕೇ ಹೋದವರನ್ನು ಎಣಿಸಲು ಯಾರು ಉಳಿದಿದ್ದಾರೆ? ತಾತ ಕುಡಿದದ್ದು ಹೆಚ್ಚಾಗಿ ಹೆಂಡ, ಮರದಿಂದ ಇಳಿಸಿದ್ದು, ತೀಕ್ಷ್ಣತೆ ಕಡಿಮೆ. ಮೊಮ್ಮಗನ ಲೋಟದಲ್ಲಿರುವುದು ಅದಲ್ಲ. ‘ಮಿತವಾಗಿ ಕುಡಿದರೆ ಹೃದಯಕ್ಕೆ ಒಳ್ಳೆಯದಂತೆ’ ಎಂಬುದು ಮಾತ್ರ ಸ್ವಲ್ಪ ಗಂಭೀರವಾದ ವಾದ, ಏಕೆಂದರೆ ಅದಕ್ಕೆ ಒಂದು ಕಾಲದಲ್ಲಿ ಅಂಕಿಅಂಶದ ಬೆಂಬಲವಿತ್ತು. ಏನೂ ಕುಡಿಯದವರಿಗಿಂತ ಸ್ವಲ್ಪ ಕುಡಿಯುವವರು ಹೆಚ್ಚು ಕಾಲ ಬದುಕಿದಂತೆ ಕಾಣುತ್ತಿತ್ತು. 1988ರಲ್ಲಿ ಬ್ರಿಟನ್ನಿನ ಗೆರಾಲ್ಡ್ ಶೇಪರ್ ಅದರ ಗುಟ್ಟು ಬಿಡಿಸಿದರು. ‘ಕುಡಿಯದವರು’ ಎಂಬ ಪಟ್ಟಿಯಲ್ಲಿ, ಕಾಯಿಲೆ ಬಿದ್ದು ಕುಡಿತ ಬಿಟ್ಟವರೂ ಸೇರಿಕೊಂಡಿದ್ದರು. ಆ ಪಟ್ಟಿ ಸೊರಗಿ ಕಂಡದ್ದರಲ್ಲಿ ಆಶ್ಚರ್ಯವೇನು? ಈಗಿನ ಅಧ್ಯಯನಗಳು ಅವರನ್ನು ಬೇರ್ಪಡಿಸಿ ನೋಡಿದಾಗ ಆ ಲಾಭ ಬಹುಮಟ್ಟಿಗೆ ಮಾಯವಾಗುತ್ತದೆ. 2023ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನೇರವಾಗಿಯೇ ಹೇಳಿತು, ಆರೋಗ್ಯಕ್ಕೆ ಸುರಕ್ಷಿತವೆನ್ನಬಹುದಾದ ಪ್ರಮಾಣವೇ ಇಲ್ಲವೆಂದು.

ಹೆಂಡತಿಯ ವಿಷಯಕ್ಕೆ ಬಂದರೆ ನಮ್ಮ ಸಮಾಜ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅವಳನ್ನು ಕೇಳಲಿಲ್ಲ, ಅಷ್ಟೇ ಅಲ್ಲ, ಅವಳ ಮೇಲೇ ಹೊರೆಸಿತು. ‘ಮನೇಲಿ ನೆಮ್ಮದಿ ಇದ್ದಿದ್ರೆ ಅವನ್ಯಾಕೆ ಕುಡೀತಿದ್ದ’, ‘ನೀನು ಕಟ್ಟುನಿಟ್ಟಾಗಿ ಇರಬೇಕಿತ್ತಮ್ಮ’, ‘ಗಂಡನ್ನ ಹಿಡಿತದಲ್ಲಿ ಇಟ್ಕೋಬೇಕು’. ಅತ್ತೆ ಹೇಳುತ್ತಿದ್ದಳು, ತವರಿನವರು ಹೇಳುತ್ತಿದ್ದರು, ಒಮ್ಮೊಮ್ಮೆ ವೈದ್ಯರೂ ಹೇಳುತ್ತಿದ್ದರು. ಬಹಳ ವರ್ಷ ಕುಡಿದವರಲ್ಲಿ ಕೆಲವರಿಗೆ ಹೆಂಡತಿಯ ಮೇಲೆ ವಿಪರೀತ ಅನುಮಾನ ಹುಟ್ಟುವುದುಂಟು. ಹಾಲಿನವನ ಜೊತೆ ಮಾತಾಡಿದರೂ ತಪ್ಪು, ಬಾಗಿಲಲ್ಲಿ ನಿಂತರೂ ತಪ್ಪು. ಮನೋವೈದ್ಯರು ಅದನ್ನು ಕುಡಿತದ ಜೊತೆ ಬರುವ ಕಾಯಿಲೆಯೆಂದು ಗುರುತಿಸುತ್ತಾರೆ. ನಮ್ಮ ಬೀದಿಗಳಲ್ಲಿ ಅದು ಅವಳ ನಡತೆಯ ಪ್ರಶ್ನೆಯಾಗುತ್ತಿತ್ತು. ಅವಳ ಆರೋಗ್ಯ ಯಾವ ಲೆಕ್ಕದಲ್ಲೂ ಇರಲಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಪದೇ ಪದೇ ಅಮಲೇರುವ ಗಂಡಂದಿರ ಹೆಂಡತಿಯರಲ್ಲಿ ನೂರಕ್ಕೆ 70 ಮಂದಿ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ್ದಾರೆ. ಕುಡಿಯದ ಗಂಡಂದಿರ ಮನೆಯಲ್ಲಿ 23. ಆ 23 ಇರುವುದನ್ನೂ ಮರೆಯಬಾರದು. ಎಲ್ಲ ಹೊಡೆತಕ್ಕೂ ಬಾಟಲಿ ಕಾರಣವಲ್ಲ, ಕೈ ಎತ್ತಿದವನಿಗೆ ಅಮಲು ನೆಪವೂ ಅಲ್ಲ. ನಮ್ಮ ಸಾಹಿತ್ಯವಾದರೂ ಅವಳನ್ನು ಕೇಳಿತೆ? ಜಿ.ಪಿ. ರಾಜರತ್ನಂ ಅವರ ‘ರತ್ನನ ಪದಗಳು’ ನಮಗೆಲ್ಲ ಪ್ರಿಯ. ಸ್ವತಃ ಹೆಂಡ ಮುಟ್ಟದ ಕವಿ ಸೃಷ್ಟಿಸಿದ ಆ ಕುಡುಕನ ಪ್ರೀತಿ, ಕನ್ನಡದ ಮೇಲಿನ ಅಭಿಮಾನ ಯಾರನ್ನಾದರೂ ಕರಗಿಸುತ್ತದೆ. ಆದರೆ ರತ್ನ ತನ್ನ ಹೆಂಡತಿ ನಂಜಿಯ ಬಗ್ಗೆ ಹಾಡುತ್ತಾನೆ. ನಂಜಿ ಹಾಡಿದ್ದರೆ ಹೇಗಿರುತ್ತಿತ್ತು ಎಂದು ಈ ವಯಸ್ಸಿನಲ್ಲಿ ಅನಿಸುತ್ತದೆ.

ಹೆಂಗಸರು ಬಾಯಿ ಬಿಟ್ಟದ್ದು ಬೀದಿಯಲ್ಲಿ. ಪಕ್ಕದ ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟದಲ್ಲಿ ಅಕ್ಷರ ಕಲಿಯಲು ಕೂತ ಹೆಂಗಸರು ಸಾರಾಯಿ ಅಂಗಡಿ ಮುಚ್ಚಿಸಿ, 1992ರಲ್ಲಿ ದೊಡ್ಡ ಚಳವಳಿಗೆ ಕಿಡಿ ಹಚ್ಚಿದರು. ನಮ್ಮಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು. 2019ರ ಜನವರಿಯಲ್ಲಿ ಸಾವಿರಾರು ಗ್ರಾಮೀಣ ಮಹಿಳೆಯರು ಪೂರ್ತಿ ಪಾನನಿಷೇಧ ಕೇಳಿಕೊಂಡು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದೇ ಬಂದರು. ಅವರ ಸಿಟ್ಟಿನ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ, ಅಂಗಡಿ ದೂರವಾದಷ್ಟೂ ಕುಡಿತ ಕಡಿಮೆಯಾಗುತ್ತದೆ ಎಂಬುದೂ ನಿಜ. ಆದರೂ ನಿಷೇಧವೊಂದೇ ಮದ್ದು ಎಂದು ಒಪ್ಪಲು ಮನಸ್ಸು ಬರುವುದಿಲ್ಲ. ಸಾರಾಯಿ ನಿಂತ ಮರುವರ್ಷ, 2008ರ ಮೇ ತಿಂಗಳಲ್ಲಿ, ಬೆಂಗಳೂರು ಮತ್ತು ಕೋಲಾರದ ಸುತ್ತ, ಗಡಿಯಾಚೆ ಕೃಷ್ಣಗಿರಿಯಲ್ಲಿ ಕಳ್ಳಬಟ್ಟಿ ಕುಡಿದು ನೂರಕ್ಕೂ ಹೆಚ್ಚು ಮಂದಿ ಸತ್ತರು. ಉಳಿದವರ ಕೈಗೆ 26 ಗ್ರಾಮಿನ ಪ್ಯಾಕೆಟ್ಟಿನ ಬದಲು 30 ಗ್ರಾಮಿನ ನೈಂಟಿ ಬಂತು. ಹೆಂಚಿನ ಮನೆಗಳ ಬೀರುವಂತೂ ಯಾವ ಕಾಯಿದೆಗೂ ಅಲುಗಲಿಲ್ಲ. ರಾಜ್ಯದ ಅಬಕಾರಿ ಆದಾಯ ವರ್ಷಕ್ಕೆ 30,000 ಕೋಟಿ ರೂಪಾಯಿ ದಾಟಿರುವಾಗ ಸರ್ಕಾರ ಆ ಬೀರುವಿಗೆ ಕೈ ಹಾಕುತ್ತದೆಂದು ನಂಬಿ ಕೂರುವುದು ಜಾಣತನವಲ್ಲ.

‘ಅವರಿಗೆ ತಿಳಿಯದಂತೆ ಕುಡಿತ ಬಿಡಿಸಿ’ ಎಂದು ಗೋಡೆಗಳ ಮೇಲೆ, ಪತ್ರಿಕೆಗಳ ಸಣ್ಣ ಜಾಹೀರಾತುಗಳಲ್ಲಿ ಬರುವುದನ್ನು ಎಲ್ಲರೂ ಓದಿದ್ದೇವೆ. ಸಾರಿನಲ್ಲಿ, ಕಾಫಿಯಲ್ಲಿ ಕಲಸಿ ಕೊಡುವ ಪುಡಿ. ದಿಕ್ಕು ಕಾಣದ ಹೆಂಗಸರು ತಾಳಿಯ ಗುಂಡು ಅಡವಿಟ್ಟು ಕೊಳ್ಳುತ್ತಾರೆ. ಅದರೊಳಗೆ ಡೈಸಲ್ಫಿರಾಮ್ ಇದ್ದರೆ, ಮೇಲೆ ಮದ್ಯ ಬಿದ್ದಾಗ ಮುಖ ಕೆಂಪೇರಿ, ಎದೆ ಬಡಿದುಕೊಂಡು, ರಕ್ತದೊತ್ತಡ ಕುಸಿದು ಜೀವಕ್ಕೇ ಕುತ್ತು. ವೈದ್ಯರು ಆ ಮಾತ್ರೆಯನ್ನು ಬರೆಯುವುದು, ಕುಡಿಯುವವರಿಗೆ ಎಲ್ಲ ತಿಳಿಸಿ, ಒಪ್ಪಿಗೆ ಪಡೆದು. ಅಷ್ಟೇ ಅಪಾಯಕಾರಿಯಾದ ಇನ್ನೊಂದು ನಂಬಿಕೆ, ಮನಸ್ಸು ಗಟ್ಟಿ ಮಾಡಿದರೆ ಇಂದೇ ಬಿಡಬಹುದು ಎಂಬುದು. ದಿನಾ ಹೆಚ್ಚು ಕುಡಿಯುವವರು ಒಮ್ಮೆಗೇ ನಿಲ್ಲಿಸಿದರೆ ಮೊದಲ ದಿನವೇ ನಡುಕ ಹತ್ತುತ್ತದೆ, ಕೆಲವರಿಗೆ ಎರಡು ದಿನದೊಳಗೆ ಫಿಟ್ಸ್, ಮೂರು ನಾಲ್ಕನೆಯ ದಿನ ಗೋಡೆಯ ಮೇಲೆ ಹುಳ ಹರಿದಂತೆ ಕಾಣುವ ಸನ್ನಿ. 2020ರ ಮಾರ್ಚಿನಿಂದ ಮೇ 4ರವರೆಗೆ ಲಾಕ್‌ಡೌನಿನಿಂದಾಗಿ ಅಂಗಡಿಗಳು ಮುಚ್ಚಿದ್ದಾಗ ಇಂಥವರು ಆಸ್ಪತ್ರೆ ಸೇರಿದ್ದು, ಬಾಗಿಲು ತೆರೆದ ದಿನ ಮೈಲುದ್ದ ಸಾಲು ನಿಂತದ್ದು ಮರೆಯುವಂಥದ್ದಲ್ಲ. ಆ ಸಾಲನ್ನು ನೋಡಿ ಟಿವಿಯ ಮುಂದೆ ನಕ್ಕವರೆಲ್ಲ, ಅದರಲ್ಲಿ ಕಾಯಿಲೆಯವರೂ ಇದ್ದರು ಎಂಬುದನ್ನು ಯೋಚಿಸಲಿಲ್ಲ. ಏಳೆಂಟು ದಿನ ವೈದ್ಯರ ಕಣ್ಣಳತೆಯಲ್ಲಿ, ಬಿ-1 ಜೀವಸತ್ವ ಮತ್ತು ಔಷಧಿಗಳೊಂದಿಗೆ ಬಿಡಿಸುವುದೇ ಸರಿಯಾದ ದಾರಿ. ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಒಂದು ವಿಭಾಗವಿದೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು ಊರೂರುಗಳಲ್ಲಿ ಮದ್ಯವರ್ಜನ ಶಿಬಿರ ನಡೆಸಿ, ಬಿಟ್ಟವರನ್ನು ನವಜೀವನ ಸಮಿತಿಗಳಲ್ಲಿ ಕೂಡಿಸುತ್ತಾರೆ. ಆದರೂ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಸಮೀಕ್ಷೆಯ ಪ್ರಕಾರ ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೊಂದು ಚಿಕಿತ್ಸೆ ಸಿಕ್ಕಿದೆ. ಉಳಿದ 37 ಮಂದಿ ಯಾರ ಮನೆಯಲ್ಲಿದ್ದಾರೆ?

ಕಡೆಯದಾಗಿ ಒಂದು ಆಕ್ಷೇಪವನ್ನು ನಾನೇ ಎತ್ತಿಕೊಳ್ಳಬೇಕು. ಹೆಂಡತಿ ಮಿಲಿ ಎಣಿಸಬೇಕು ಎಂದರೆ, ಇರುವ ಹೊರೆಯ ಮೇಲೆ ಇನ್ನೊಂದು ಹೊರೆ ಹೇರಿದಂತಲ್ಲವೆ? ಬಾಟಲಿಗೆ ಗೆರೆ ಎಳೆಯುವುದು, ಸ್ಕೂಟರಿನ ಡಿಕ್ಕಿ ತಡಕುವುದು, ಸಿಂಕಿಗೆ ಸುರಿಯುವುದು, ಇದೆಲ್ಲ ಮಾಡಿ ಸೋತವರೇ ಹೆಚ್ಚು. ಮಾಡಿದಷ್ಟೂ ಬಚ್ಚಿಡುವ ಜಾಗ ಬದಲಾಗುತ್ತದೆ, ಅಷ್ಟೇ. ನಾನು ಹೇಳುತ್ತಿರುವುದು ಕಾವಲು ಕಾಯುವುದನ್ನಲ್ಲ. ಬಿಡಿಸುವ ಜವಾಬ್ದಾರಿ ಅವಳದಲ್ಲ, ಬಿಡದೆ ಹೋದರೆ ಅದು ಅವಳ ಸೋಲೂ ಅಲ್ಲ. ಅವಳು ಹೇಗೂ ಕಂಡಿರುವುದನ್ನು ಕಂಡಂತೆ ಹೇಳಲು ಬಿಡಬೇಕು, ಕೇಳುವ ಕಡೆ ಅದನ್ನು ಸಾಕ್ಷ್ಯವೆಂದು ಬರೆದುಕೊಳ್ಳಬೇಕು. ಈಗಲೂ ಆಸ್ಪತ್ರೆಗಳಲ್ಲಿ ‘ಡ್ರಿಂಕ್ಸ್ ಅಭ್ಯಾಸ ಇದೆಯಾ?’ ಎಂದು ಕೇಳಿದಾಗ ‘ಅಕೇಷನಲಿ ಸರ್’ ಎಂದು ಗಂಡ ಹೇಳುತ್ತಾನೆ, ಪಕ್ಕದ ಕುರ್ಚಿಯಲ್ಲಿ ಹೆಂಡತಿ ನೆಲ ನೋಡುತ್ತಾಳೆ, ಕೇಸ್ ಶೀಟಿನಲ್ಲಿ ಆ ಒಂದೇ ಪದ ಬೀಳುತ್ತದೆ. ಶಸ್ತ್ರಚಿಕಿತ್ಸೆಗೆ ಸೇರಿದವರಿಗೆ ಮೂರನೆಯ ದಿನ ಇದ್ದಕ್ಕಿದ್ದಂತೆ ಸನ್ನಿ ಹಿಡಿದು ವಾರ್ಡೆಲ್ಲ ಗಾಬರಿಯಾಗಲು ಎಷ್ಟೋ ಸಲ ಆ ಒಂದು ಪದವೇ ಕಾರಣ. ಹಾಗಾಗಿ, ಅಮ್ಮ, ಅಕ್ಕ, ಮುಂದಿನ ಸಲ ವೈದ್ಯರು ಕೇಳಿದಾಗ ‘ಸ್ವಲ್ಪ’ ಎನ್ನಬೇಡಿ. ದಿನಕ್ಕೆ ಎಷ್ಟು ನೈಂಟಿ, ಎಷ್ಟು ವರ್ಷದಿಂದ, ಬೆಳಿಗ್ಗೆ ಕೈ ನಡುಗುತ್ತದೆಯೇ ಎಂಬುದನ್ನು ಹೇಳಿ. ಗಂಡನೆದುರು ಆಗದಿದ್ದರೆ ಆಮೇಲೆ ಒಳಗೆ ಹೋಗಿ ಹೇಳಿ ಬನ್ನಿ. ಆಸ್ಪತ್ರೆಯವರೆಗೆ ಹೋಗಲಾಗದಿದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿಮಾನಸ್ 14416, ವ್ಯಸನಮುಕ್ತಿಯ ಸಹಾಯವಾಣಿ 14446. ಎರಡೂ ಉಚಿತ, ಕರೆ ಮಾಡುವವರು ಕುಡಿಯುವವರೇ ಆಗಿರಬೇಕೆಂದಿಲ್ಲ.